ನಿನ್ನೆ 12 ಸೆಕೆಂಡ್, ಇವತ್ತು 41: ಪ್ರೂವರ್ ನಿಧಾನ ಆಯ್ತಾ?

ಪ್ರಶ್ನೆ (ಮೂಡಿಗೆರೆಯಿಂದ): ಮೇಡಂ, ಪ್ರೋಗ್ರಾಂ ಸರಿ ಇದೆ ಅಂತ ಗಣಿತದಿಂದ ಸಾಬೀತು ಮಾಡುವ ಪ್ರೂವರ್ ಮೇಲೆ ನನ್ನ ಕೆಲಸ. ತೋಟದ ಮನೆಯಿಂದಲೇ ಮಾಡುತ್ತೇನೆ. ಒಳಗೆ ಓಡುವುದು ಮೈಕ್ರೋಸಾಫ್ಟ್‌ನ ಝಡ್3 ಎಂಬ ಸಾಲ್ವರ್, ಅಂದರೆ ತರ್ಕದ ಸೂತ್ರಗಳಿಗೆ ಉತ್ತರ ಹುಡುಕುವ ಪ್ರೋಗ್ರಾಂ. ಮೊನ್ನೆ ಸಣ್ಣದೊಂದು ಬದಲಾವಣೆ ಮಾಡಿದೆ. 60 ಪ್ರೂಫ್‌ಗಳಲ್ಲಿ ಒಂದು 12 ಸೆಕೆಂಡಿನಿಂದ 41ಕ್ಕೆ ಹೋಯಿತು. ಬದಲಾವಣೆ ತೆಗೆದು ಓಡಿಸಿದರೂ 33! ಇನ್ನೊಂದು ಪ್ರೂಫ್ ಕೊಟ್ಟ ಸಮಯದೊಳಗೆ ಮುಗಿಯದೆ ಟೈಮ್‌ಔಟ್. ತಪ್ಪು ನನ್ನದಾ, ಲ್ಯಾಪ್‌ಟಾಪ್‌ದಾ?

ಉತ್ತರ (ಹಾಸನದಿಂದ): ಮೊದಲು ಹೇಳಿ, ಆಗ ಕರೆಂಟ್ ಇತ್ತಾ? ಚಾರ್ಜರ್ ತಪ್ಪಿದ ಕೂಡಲೇ ಎಷ್ಟೋ ಲ್ಯಾಪ್‌ಟಾಪ್‌ಗಳು ಪ್ರೊಸೆಸರ್ ವೇಗ ಇಳಿಸುತ್ತವೆ. ಒಂದು ಮಳೆಗಾಲ ಇದು ಗೊತ್ತಾಗದೆ ಎರಡು ದಿನ ಕೋಡ್‌ನಲ್ಲಿ ತಪ್ಪು ಹುಡುಕಿದ್ದೆ. ಕೊನೆಗೆ ನೋಡಿದರೆ ಚಾರ್ಜರ್ ಪಿನ್ ಸಡಿಲ.

ಸೆಕೆಂಡ್ ಒಂದನ್ನೇ ನಂಬಬೇಡಿ. ನಿಮ್ಮ ಕಡೆ ಕಾಫಿ ಚೆರ್ರಿ ಮಾರುವಾಗ ಬರೀ ಮೂಟೆ ತೂಕ ನೋಡ್ತಾರಾ? ಓಟಿ, ಅಂದರೆ ಮೂಟೆಯಿಂದ ಬೀಜ ಎಷ್ಟು ಸಿಗುತ್ತದೆ ಅಂತ ಕೇಳ್ತಾರೆ ಅಲ್ವಾ? ಹಾಗೇ ಝಡ್3 ತಾನು ಮಾಡಿದ ಕೆಲಸವನ್ನು ಎಣಿಸಿಟ್ಟಿರುತ್ತದೆ. ಅಂಕಿಅಂಶದಲ್ಲಿ "ಆರ್‌ಲಿಮಿಟ್-ಕೌಂಟ್" ಅಂತ ಇರುತ್ತದೆ. ಅದೇ ಆವೃತ್ತಿ, ಅದೇ ಪ್ರಶ್ನೆ, ಅದೇ ಸೀಡ್ (ಸಾಲ್ವರ್‌ನ ಯಾದೃಚ್ಛಿಕ ಆಯ್ಕೆಗಳು ಶುರುವಾಗುವ ಸಂಖ್ಯೆ) ಆದರೆ ಕರೆಂಟ್ ಇರಲಿ ಹೋಗಲಿ, ಎಣಿಕೆ ಒಂದೇ. ಝಡ್3 ಆವೃತ್ತಿ ಬದಲಾದರೆ ಮಾತ್ರ ಹಳೆಯ ಎಣಿಕೆಯ ಜೊತೆ ಹೋಲಿಸಬೇಡಿ.

ಆಮೇಲೆ ಸೀಡ್ ಬದಲಿಸಿ ಪ್ರತಿ ಪ್ರೂಫನ್ನೂ ಹತ್ತು ಸಲ ಓಡಿಸಿ, ಬದಲಾವಣೆಗೆ ಮೊದಲು ಮತ್ತು ನಂತರ. ಈ ಸಾಲ್ವರ್‌ಗಳಿಗೆ ವೇರಿಯಬಲ್ ಹೆಸರು ಬದಲಿಸಿದರೂ ಸಾಕು, ಬೇರೆ ದಾರಿ ಹಿಡಿಯುತ್ತವೆ. ಡ್ಯಾಫ್ನಿ (ಪ್ರೂಫ್ ಸಮೇತ ಕೋಡ್ ಬರೆಯುವ ಭಾಷೆ) ಬಳಸುವವರಿಗೆ ಇದಕ್ಕೆಂದೇ "ಮೆಷರ್-ಕಾಂಪ್ಲೆಕ್ಸಿಟಿ" ಕಮಾಂಡ್ ಇದೆ.

ಟೈಮ್‌ಔಟ್ ಆದದ್ದನ್ನು ಲೆಕ್ಕದಿಂದ ಬಿಡಬೇಡಿ. ಬಿಟ್ಟರೆ ಸರಾಸರಿ ಸುಮ್ನೆ ಚೆನ್ನಾಗಿ ಕಾಣುತ್ತದೆ. ಸಾಲ್ವರ್ ಸ್ಪರ್ಧೆಗಳಲ್ಲಿ ಪಾರ್-2 ಅಂತ ಒಂದು ಲೆಕ್ಕ ಇದೆ: ಮಿತಿ 60 ಸೆಕೆಂಡ್ ಆಗಿದ್ದು ಮುಗಿಯದಿದ್ದರೆ 120 ಅಂತ ಬರೆಯುತ್ತಾರೆ.

ಮೂಡಿಗೆರೆ: ಕರೆಂಟ್ ಇರಲಿಲ್ಲ ಮೇಡಂ, ಎರಡೂ ಸಲ! ನಿನ್ನೆ ರಾತ್ರಿ ಚಾರ್ಜರ್ ಹಾಕಿ ಓಡಿಸಿದೆ. ಟೈಮ್‌ಔಟ್ ಆಗಿದ್ದು ಹತ್ತು ಸಲವೂ ಮುಗಿಯಿತು. 59ರಲ್ಲಿ ಎಣಿಕೆ ಹೆಚ್ಚುಕಡಿಮೆ ಅಷ್ಟೇ. 12ರಿಂದ 41ಕ್ಕೆ ಹೋದ ಆ ಒಂದು ಮಾತ್ರ ಹಳೆ ಕೋಡ್‌ನಲ್ಲೂ ಹೊಸದರಲ್ಲೂ 9ರಿಂದ 52 ಸೆಕೆಂಡ್‌ವರೆಗೆ ಕುಣಿಯುತ್ತಿದೆ.

ಹಾಸನ: ಹಾಗಾದರೆ ನಿಮ್ಮ ಬದಲಾವಣೆಯದ್ದು ತಪ್ಪಿಲ್ಲ, ಮರ್ಜ್ ಮಾಡಿ (ಮುಖ್ಯ ಕೋಡ್‌ಗೆ ಸೇರಿಸಿ). ಆ ಪ್ರೂಫ್ ಮೊದಲಿಂದಲೂ ಅಸ್ಥಿರ, ನಿಮಗೆ ಈಗ ಕಂಡಿದೆ ಅಷ್ಟೇ. ಅದರಲ್ಲಿ "ಫಾರ್‌ಆಲ್" (ಎಲ್ಲ ಬೆಲೆಗಳಿಗೂ ಇದು ನಿಜ ಅನ್ನುವ ಸಾಲು) ಎಷ್ಟಿವೆ?

ಮೂಡಿಗೆರೆ: ಐದು. ಒಂದರೊಳಗೆ ಒಂದು.

ಹಾಸನ: ಅಯ್ಯೋ! ಒಳಗಿನ ಎರಡನ್ನು ಬೇರೆ ಲೆಮ್ಮಾ (ಸಣ್ಣ ಸಹಾಯಕ ಪ್ರೂಫ್) ಮಾಡಿ. ಉಳಿದವಕ್ಕೆ ಟ್ರಿಗರ್ (ಯಾವ ಪದ ಕಂಡಾಗ ಬೆಲೆ ತುಂಬಬೇಕು ಅನ್ನುವ ಸೂಚನೆ) ನೀವೇ ಬರೆಯಿರಿ, ಇಲ್ಲದಿದ್ದರೆ ಸಾಲ್ವರ್ ಕಂಡಕಂಡಲ್ಲಿ ಬೆಲೆ ತುಂಬಿ ನೋಡುತ್ತಾ ಕೂರುತ್ತದೆ. ಮತ್ತೆ ಹತ್ತು ಸೀಡ್ ಓಡಿಸಿ ಇಲ್ಲೇ ಹಾಕಿ. ಹಾಂ, ಸರಾಸರಿ ಬೇಡ, ಹತ್ತೂ ಅಂಕಿ ಹಾಕಿ.