ಪದಚರ್ಚೆ: ಹ್ಯಾಮ್ಲೆಟ್ಟಿನ ‘ಗೋಸ್ಟ್’ ಬಂತೋ, ಬಂದನೋ, ಬಂದರೋ?

ಪ್ರಶ್ನೆ:

ಷೇಕ್ಸ್‌ಪಿಯರನ ಹ್ಯಾಮ್ಲೆಟ್ ನಾಟಕವನ್ನು ಡೆನ್ಮಾರ್ಕಿನ ಎಲ್ಸಿನೋರಿನಲ್ಲೇ ಇಟ್ಟು, ಹೆಸರುಗಳನ್ನೂ ಬದಲಿಸದೆ, ರಂಗಕ್ಕಾಗಿ ಕನ್ನಡಕ್ಕೆ ತರುವಾಗ ಮೂರು ಕಡೆ ಪದ ಕೂರುತ್ತಿಲ್ಲ. ಒಂದು, ಹ್ಯಾಮ್ಲೆಟ್ಟನ ತಂದೆಯಾದ ದೊರೆ ಸತ್ತ ಮೇಲೆ ಕಾಣಿಸಿಕೊಳ್ಳುವ ‘ಗೋಸ್ಟ್’: ದೆವ್ವ, ಭೂತ, ಪ್ರೇತ, ಆತ್ಮ, ಇವುಗಳಲ್ಲಿ ಯಾವುದು? ಎರಡು, ಮೊದಲ ಅಂಕದ ಐದನೇ ದೃಶ್ಯದಲ್ಲಿ ಬರುವ ‘ಆ್ಯಂಟಿಕ್ ಡಿಸ್ಪೊಸಿಷನ್’. ‘ಹುಚ್ಚನಂತೆ ನಟಿಸುತ್ತೇನೆ’ ಎಂದರೆ ಅರ್ಥವೇನೋ ಮುಟ್ಟುತ್ತದೆ, ಮಾತು ಮಾತ್ರ ಸಪ್ಪೆ. ಮೂರು, ‘ಗ್ರೀಫ್’ಗೆ ಎಲ್ಲ ಕಡೆಯೂ ದುಃಖ ಎಂದೇ ಹಾಕಬಹುದೆ? ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ:

ನಮಸ್ಕಾರ. ನಾಮಪದ ಆಮೇಲೆ ಹುಡುಕೋಣ, ಮೊದಲು ಕ್ರಿಯಾಪದ ನೋಡಿ. ಇಂಗ್ಲಿಷಿನ ‘ಕೇಮ್’ ಲಿಂಗ ಹೇಳುವುದಿಲ್ಲ. ನಮ್ಮಲ್ಲಿ ಬಂತು, ಬಂದ, ಬಂದರು ಎಂದು ಪ್ರತಿ ಸಾಲಿನಲ್ಲೂ ತೀರ್ಮಾನ ಮಾಡಲೇಬೇಕು. ಮೂಲದಲ್ಲಿ ಇದು ಸರ್ವನಾಮದಲ್ಲಷ್ಟೇ ಕಾಣುತ್ತದೆ, ಆದರೆ ಷೇಕ್ಸ್‌ಪಿಯರ್ ಅದನ್ನೇ ಎಚ್ಚರದಿಂದ ಆಡಿಸಿದ್ದಾನೆ. ಮೊದಲ ದೃಶ್ಯದಲ್ಲಿ ಪಹರೆಯವರಿಗೆ ಅದು ‘ಥಿಂಗ್’, ಆಮೇಲೆ ‘ಇಟ್’. ಎರಡನೇ ದೃಶ್ಯದಲ್ಲಿ ಹ್ಯಾಮ್ಲೆಟ್ಟನ ಗೆಳೆಯ ಹೊರೇಷಿಯೊ ಸುದ್ದಿ ತಂದಾಗ ಮೊದಲು ‘ಹಿಮ್’ ಎನ್ನುತ್ತಾನೆ: ನಿನ್ನೆ ರಾತ್ರಿ ಅವರನ್ನು ಕಂಡೆ ಅನಿಸುತ್ತದೆ. ಯಾರನ್ನು? ದೊರೆಯನ್ನು, ನಿಮ್ಮ ತಂದೆಯವರನ್ನು. ಕೆಲವೇ ಸಾಲು ಕಳೆದ ಮೇಲೆ ಹ್ಯಾಮ್ಲೆಟ್ ‘ಅದನ್ನು ಮಾತಾಡಿಸಲಿಲ್ಲವೆ?’ ಎಂದು ಕೇಳುತ್ತಾನೆ. ಮುಖ ಕಂಡಿತೆ, ಸಿಟ್ಟಿನಲ್ಲಿದ್ದರೆ ಎಂದು ವಿಚಾರಿಸುವಾಗ ಮತ್ತೆ ‘ಹಿ’. ಮೂರನೇ ಅಂಕದಲ್ಲಿ, ತಾಯಿಯ ಕೋಣೆಯಲ್ಲಂತೂ ಒಂದೇ ಉಸಿರಿನಲ್ಲಿ ಎರಡೂ ಇವೆ: ‘ಹೇಗೆ ಜಾರಿಕೊಳ್ಳುತ್ತಿದೆ ನೋಡು’ ಎಂಬಲ್ಲಿ ‘ಇಟ್’, ಅದರ ಬೆನ್ನಿಗೇ ‘ನನ್ನ ತಂದೆ, ಬದುಕಿದ್ದಾಗಿನ ಉಡುಪಿನಲ್ಲೇ’.

ಈ ತೂಗಾಟವನ್ನು ಸಮ ಮಾಡಬೇಡಿ. ಎಲ್ಲ ಕಡೆ ‘ಬಂದರು’ ಎಂದರೆ ಬಂದದ್ದು ಅಪ್ಪನೇ ಎಂದು ನೀವೇ ತೀರ್ಪು ಕೊಟ್ಟ ಹಾಗಾಯಿತು. ಎಲ್ಲ ಕಡೆ ‘ಬಂತು’ ಎಂದರೆ ಮಗನ ಮಾತು ಸತ್ತುಹೋಗುತ್ತದೆ. ಸಾಲು ಸಾಲಿಗೂ ಮೂಲದ ಸರ್ವನಾಮವನ್ನು ಅಂಚಿನಲ್ಲಿ ಗುರುತು ಮಾಡಿಕೊಂಡು ಅದರಂತೆ ಕ್ರಿಯಾಪದ ಹಾಕಿ. ‘ಥಿಂಗ್’ಗೆ ವಸ್ತು, ಆಕೃತಿ ಎಂದೆಲ್ಲ ಹುಡುಕುವುದು ಬೇಡ. ರಾತ್ರಿ ಹೊತ್ತು ಅದರ ಹೆಸರೆತ್ತದೆ ‘ಅದು’ ಎನ್ನುವ ರೂಢಿ ನಮ್ಮಲ್ಲೇ ಇದೆ. ‘ಇವತ್ತೂ ಅದು ಕಾಣಿಸಿತೆ?’ ಇಷ್ಟು ಸಾಕು, ಕತ್ತಲೆಯಲ್ಲಿ ನಿಂತ ಪಹರೆಯವನ ಮಾತು ಬಂತು.

ಇನ್ನು ನಾಮಪದ. ಭೂತ ಎಂದರೆ ಕರಾವಳಿಯವರಿಗೆ ಕೋಲ ಕೊಟ್ಟು ನಂಬಿಕೊಂಡು ಬಂದ ದೈವ, ಆ ಪೂಜ್ಯತೆ ಇಲ್ಲಿ ಹೊಂದುವುದಿಲ್ಲ. ಆತ್ಮ ತೀರ ತೆಳು. ಬರುವವನು ಅಡಿಯಿಂದ ಮುಡಿವರೆಗೆ ಯುದ್ಧಕವಚ ತೊಟ್ಟ ದೊರೆ. ದೆವ್ವ ಭಯವನ್ನೇನೋ ಕೊಡುತ್ತದೆ, ಗಾಂಭೀರ್ಯ ಕೊಡುವುದಿಲ್ಲ. ಹ್ಯಾಮ್ಲೆಟ್ ಅದನ್ನು ಮೊದಲು ಕಂಡು ‘ನೀನು ಒಳ್ಳೆಯ ಚೇತನವೋ, ಶಾಪಗ್ರಸ್ತ ಗಾಬ್ಲಿನ್ನೋ’ ಎಂದು ಕೇಳುವ ಕಡೆ ‘ಗಾಬ್ಲಿನ್’ಗೆಂದು ದೆವ್ವವನ್ನು ತೆಗೆದಿಡಿ. ಉಳಿದ ಕಡೆ ನನ್ನ ಆಯ್ಕೆ ಪ್ರೇತ. ಸತ್ತವನು ಸಪಿಂಡೀಕರಣವಾಗಿ ಪಿತೃಗಳ ಸಾಲಿಗೆ ಸೇರುವ ತನಕ ಪ್ರೇತ, ಅಲ್ಲೂ ಇಲ್ಲೂ ಸಲ್ಲದ ಸ್ಥಿತಿ. ಈ ದೊರೆಯ ದೂರೂ ಅದಕ್ಕೆ ಹತ್ತಿರದ್ದೇ: ಮೂರು ಪದಗಳ ಒಂದೇ ಸಾಲಿನಲ್ಲಿ ಅವನು ಕೊನೆಯ ಪ್ರಸಾದವಿಲ್ಲದೆ, ಸಿದ್ಧತೆಯಿಲ್ಲದೆ, ತೈಲಲೇಪನವಿಲ್ಲದೆ ಸತ್ತೆ ಎನ್ನುತ್ತಾನೆ.

ಆದರೆ ಹೋಲಿಕೆಯನ್ನು ಅಲ್ಲಿಗೇ ನಿಲ್ಲಿಸಿ. ನಮ್ಮ ಪ್ರೇತ ಮಗನಿಂದ ಬಯಸುವುದು ಪಿಂಡ, ತಿಲೋದಕ. ಈತ ಕೇಳುವುದು ಸೇಡು. ಅವನ ಪಾಪ ತೀರುವುದು ಮಗನ ಕೈಯಿಂದಲ್ಲ, ಹಗಲೆಲ್ಲ ಬೇಯುವ ಬೆಂಕಿಯಿಂದ. ಆ ಬೆಂಕಿಗೆ ‘ನರಕ’ ಎಂದು ಹಾಕುವುದು ದೊಡ್ಡ ತಪ್ಪು. ಕ್ರೈಸ್ತರ ನರಕಕ್ಕೆ ಕೊನೆಯಿಲ್ಲ, ಇವನಾದರೋ ‘ಒಂದು ಅವಧಿಯವರೆಗೆ’ ಎಂದು ಸ್ಪಷ್ಟವಾಗಿ ಹೇಳುತ್ತಾನೆ. ‘ಪಾಪ ಸುಟ್ಟು ತೊಳೆಯುವ ಬೆಂಕಿ’ ಎಂದು ಬಿಡಿಸಿ ಬರೆಯಿರಿ. ಇಂಥ ಸ್ಥಳವೇ ಇಲ್ಲ ಎಂದು ಇಂಗ್ಲೆಂಡಿನ ಚರ್ಚು 1571ರ ಹೊತ್ತಿಗೆ ತನ್ನ ವಿಧಿಗಳಲ್ಲಿ ಬರೆದಾಗಿತ್ತು, ಹ್ಯಾಮ್ಲೆಟ್ ಓದಿದ್ದು ಪ್ರಾಟೆಸ್ಟಂಟ್ ಸುಧಾರಕ ಲೂಥರನ ವಿಟೆನ್‌ಬರ್ಗಿನಲ್ಲಿ. ‘ನಾನು ಕಂಡದ್ದು ಸೈತಾನನೂ ಇರಬಹುದು’ ಎಂಬ ಅವನ ಅನುಮಾನದ ಬೇರು ಅಲ್ಲಿದೆ. ನಾಟಕದೊಳಗಿನ ನಾಟಕವನ್ನು ಆಡಿಸಿ, ಕೊಂದವನೆಂದು ಪ್ರೇತ ಹೇಳಿದ ಚಿಕ್ಕಪ್ಪ ಕ್ಲಾಡಿಯಸ್ಸನನ್ನು ಪರೀಕ್ಷಿಸುವುದೂ ಅದಕ್ಕೇ.

ಹುಚ್ಚಿನ ವಿಷಯಕ್ಕೆ ಬಂದರೆ, ಹ್ಯಾಮ್ಲೆಟ್ ಅಲ್ಲಿ ‘ಮ್ಯಾಡ್’ ಎನ್ನುವುದೇ ಇಲ್ಲ, ಅದನ್ನು ಗಮನಿಸಿ. ‘ಆ್ಯಂಟಿಕ್’ ಎಂದರೆ ಆಗಿನ ಕಾಲಕ್ಕೆ ವಿಕಟ, ವಿಕಾರ, ವಿದೂಷಕನ ಚೇಷ್ಟೆ. ಕ್ರಿಯಾಪದ ‘ಪುಟ್ ಆನ್’, ಬಟ್ಟೆ ತೊಡುವ ಮಾತು. ನಮ್ಮಲ್ಲಿ ಅದಕ್ಕೆ ಸೋಗು ಇದೆ. ಸೋಗು ಹಾಕುವುದು ಎಂದರೆ ನಟನೆಯೂ ಹೌದು, ಬಯಲಾಟದಲ್ಲಿ ವೇಷವೂ ಹೌದು. ‘ಮುಂದೆಂದಾದರೂ ವಿಕಟ ಸೋಗು ಹಾಕುವುದೇ ನನಗೆ ಸರಿಯೆನಿಸೀತು’ ಎಂದು ನೋಡಿ. ‘ಪೆದ್ದನ ಸೋಗು’ ಬೇಡ. ಈ ನಾಟಕದ ಹಳೆಯ ಮೂಲವಾದ, ಡೆನ್ಮಾರ್ಕಿನ ಚರಿತ್ರಕಾರ ಸ್ಯಾಕ್ಸೊ ಸುಮಾರು 1200ರಲ್ಲಿ ಬರೆದ ಲ್ಯಾಟಿನ್ ಕಥೆಯಲ್ಲಿ ಆ್ಯಮ್ಲೆತ್ ಮೈಗೆಲ್ಲ ಕೊಳೆ ಬಳಿದುಕೊಂಡು ಮಂದಬುದ್ಧಿಯವನಂತೆ ಇರುತ್ತಾನೆ. ಅಲ್ಲಿ ಕೊಲೆ ಎಲ್ಲರಿಗೂ ಗೊತ್ತು, ಪ್ರಾಣ ಉಳಿಸಿಕೊಳ್ಳಲು ಆ ವೇಷ. ಇಲ್ಲಿ ಕೊಲೆ ಗುಟ್ಟು. ಹಾಗಾಗಿ ಸೋಗು ಹ್ಯಾಮ್ಲೆಟ್‌ನನ್ನು ಮರೆಮಾಡುವ ಬದಲು ಎಲ್ಲರ ಕಣ್ಣನ್ನೂ ಅವನ ಮೇಲೆ ತರುತ್ತದೆ. ವಿಕಟ ಎಂಬ ಮಾತಿಗೇ ಆ ಕಣ್ಸೆಳೆಯುವ ಗುಣವಿದೆ.

ಉಳಿದ ಪದಗಳನ್ನು ಆಡುವವರ ಬಾಯಿಗೆ ತಕ್ಕಂತೆ ಹಂಚಿ. ಹೆಣ ಹೂಳಲು ಗುಂಡಿ ತೋಡುವವನಿಗೆ ಹುಚ್ಚು. ಮಂತ್ರಿ ಪೊಲೋನಿಯಸ್ಸನಿಗೆ ಪ್ರೇಮೋನ್ಮಾದ, ಉನ್ಮಾದಕ್ಕೆ ನಮ್ಮ ಕಾವ್ಯದಲ್ಲಿ ಶೃಂಗಾರದ ವಾಸನೆ ಅಂಟಿದೆ, ಅವನ ರೋಗನಿರ್ಣಯವೂ ಅದೇ ತಾನೆ. ಹುಚ್ಚು ಹಿಡಿದ ಅವನ ಮಗಳು ಒಫೀಲಿಯಾಳ ಬಗ್ಗೆ ಕ್ಲಾಡಿಯಸ್ ಹೇಳುವಾಗ ಯಾವ ಹೆಸರೂ ಬೇಡ, ಮೂಲದಂತೆ ‘ತನ್ನಿಂದಲೇ ಬೇರೆಯಾದವಳು’ ಸಾಕು. ‘ಎಕ್ಸ್ಟಸಿ’ ಎಂಬಲ್ಲಿ ನಿಘಂಟು ನೋಡಿ ಆನಂದಪರವಶತೆ ಎಂದು ಹಾಕಿದರೆ ದೃಶ್ಯ ಕೆಟ್ಟಿತು. ತಾಯಿ ಗರ್ಟ್ರೂಡ್ ಹೇಳುವುದು ಭ್ರಮೆಯನ್ನು. ಅದಕ್ಕೆ ಹ್ಯಾಮ್ಲೆಟ್ ಕೊಡುವ ಉತ್ತರ ವೈದ್ಯರ ಹಾಗಿದೆ: ನನ್ನ ನಾಡಿ ನಿನ್ನದರಷ್ಟೇ ಹದವಾಗಿ ಬಡಿಯುತ್ತಿದೆ, ಆಡಿದ ಮಾತನ್ನು ಮತ್ತೆ ಹೇಳಿಸಿ ನೋಡು, ಹುಚ್ಚಾಗಿದ್ದರೆ ಅದು ಎತ್ತೆತ್ತಲೋ ನೆಗೆಯುತ್ತದೆ.

ಕನ್ನಡಕ್ಕೆ ಒಂದು ಲಾಭವೂ ಇದೆ. ಹಳಗನ್ನಡದ ‘ಮರುಳ್’ ದೆವ್ವವೂ ಹೌದು, ಹುಚ್ಚೂ ಹೌದು. ರನ್ನನ ಗದಾಯುದ್ಧದಲ್ಲಿ ಹೆಣಗಳ ನಡುವೆ ನಡೆಯುವ ದುರ್ಯೋಧನನನ್ನು ಮರುಳು ಮಾತಾಡಿಸುವ ಕಡೆ ಈ ಶ್ಲೇಷೆಯೇ ಜೀವಾಳ. ಇಂದು ‘ಮರುಳು ಮಾಡು’ ಎಂದರೆ ಮನಸ್ಸು ಸೆಳೆದು ಮೋಸ ಮಾಡುವುದು. ಹೊರೇಷಿಯೊ ಹ್ಯಾಮ್ಲೆಟ್‌ನನ್ನು ತಡೆಯುತ್ತ, ಅದು ನಿಮ್ಮನ್ನು ಕಡಲಂಚಿಗೆ ಸೆಳೆದು ಬುದ್ಧಿ ಕಿತ್ತುಕೊಂಡರೆ ಎಂದು ಹೆದರುವಲ್ಲಿ ಈ ಮೂರು ಅರ್ಥವೂ ಒಟ್ಟಿಗೆ ಬೇಕು: ‘ಆ ಮರುಳು ನಿಮ್ಮನ್ನೇ ಮರುಳು ಮಾಡಿಬಿಟ್ಟರೆ?’ ಇಡೀ ನಾಟಕದಲ್ಲಿ ಇದೊಂದೇ ಸಲ ಬಳಸಿ. ಪದೇ ಪದೇ ಬಂದರೆ ಚಮತ್ಕಾರವಾಗಿಬಿಡುತ್ತದೆ.

ದುಃಖದ ಪ್ರಶ್ನೆ ಚಿಕ್ಕದು. ಕ್ಲಾಡಿಯಸ್ಸನ ಬಾಯಲ್ಲಿ ಶೋಕ, ಅವನದು ಆಚರಣೆಯ ಭಾಷೆ. ಹ್ಯಾಮ್ಲೆಟ್ ತಾಯಿಗೆ ಕೊಡುವ ಉತ್ತರದಲ್ಲಿ ಕಪ್ಪು ಉಡುಪು, ನಿಟ್ಟುಸಿರು, ಕಣ್ಣೀರು ಎಲ್ಲವನ್ನೂ ಯಾರು ಬೇಕಾದರೂ ನಟಿಸಬಹುದು ಎಂದು ಬದಿಗೊತ್ತಿ, ‘ತೋರಿಕೆಗೆ ಮೀರಿದ್ದು ನನ್ನೊಳಗಿದೆ’ ಎನ್ನುತ್ತಾನೆ. ಮೂಲದಲ್ಲಿ ಅಲ್ಲಿ ನಾಮಪದವಿಲ್ಲ, ‘ದಟ್’ ಅಷ್ಟೇ. ದುಃಖ, ಅಳಲು ಯಾವುದನ್ನೂ ತುರುಕಬೇಡಿ. ಹಿಂದಿನ ದೃಶ್ಯದಲ್ಲಿ ಪಹರೆಯವರು ಹೆಸರಿಡದೆ ಬಿಟ್ಟ ‘ಅದು’, ಇಲ್ಲಿ ಮಗನ ಒಳಗೂ ಹೆಸರಿಲ್ಲದೆ ಕೂತಿದೆ.

ಮತ್ತೊಂದು ಉತ್ತರ:

ಮೇಲಿನದಕ್ಕೆ ಪೂರಕವಾಗಿ ರಂಗಸೂಚನೆ ಕುರಿತು ಎರಡು ಮಾತು. 1603ರ ಮೊದಲ ಕ್ವಾರ್ಟೊದಲ್ಲಿ, ಅಂದರೆ ನಾಟಕದ ಮೊದಲ ಮುದ್ರಣದಲ್ಲಿ, ತಾಯಿಯ ಕೋಣೆಗೆ ಪ್ರೇತ ಬರುವುದು ಕವಚದಲ್ಲಲ್ಲ, ರಾತ್ರಿಯುಡುಪಿನಲ್ಲಿ. ಹುಚ್ಚಿನ ದೃಶ್ಯದಲ್ಲಿ ಒಫೀಲಿಯಾ ಲ್ಯೂಟ್ ಎಂಬ ತಂತಿವಾದ್ಯ ನುಡಿಸುತ್ತ, ಕೂದಲು ಇಳಿಬಿಟ್ಟು, ಹಾಡುತ್ತ ಬರುತ್ತಾಳೆ. ಎರಡೂ ಸೂಚನೆ 1623ರ ಫೋಲಿಯೊದಲ್ಲಿ, ಅಂದರೆ ಷೇಕ್ಸ್‌ಪಿಯರನ ನಾಟಕಗಳ ಸಂಪುಟದಲ್ಲಿ, ಇಲ್ಲ, ಯಾವ ಪಾಠದಿಂದ ತಂದಿರಿ ಎಂದು ಬರೆದಿಡಿ. ‘ಮುಡಿ ಬಿಚ್ಚಿಕೊಂಡು’ ಎಂದು ಮಾತ್ರ ಅನುವಾದಿಸಬೇಡಿ. ನಮ್ಮ ಪ್ರೇಕ್ಷಕರಿಗೆ ಬಿಚ್ಚಿದ ಮುಡಿ ಎಂದೊಡನೆ ದ್ರೌಪದಿ ಬರುತ್ತಾಳೆ, ಸೇಡಿನ ಶಪಥ ಬರುತ್ತದೆ. ಒಫೀಲಿಯಾಳದು ಸೇಡಲ್ಲ. ‘ಕೆದರಿದ ಕೂದಲಲ್ಲಿ’ ಎಂದರೆ ಸರಿಹೋದೀತು.