ಮಿದುಳು ಜ್ವರ: ಮೊದಲ ರಕ್ತಪರೀಕ್ಷೆ ನೆಗೆಟಿವ್ ಬಂದ ಮೇಲೂ ಬೆನ್ನಿನ ನೀರು ತೆಗೆಸಬೇಕೇ?

ಪ್ರಶ್ನೆ (ಗಂಗಾವತಿಯಿಂದ)
ನಮ್ಮ ಅಕ್ಕನ ಆರು ವರ್ಷದ ಮಗನಿಗೆ ಜ್ವರ ಬಂದ ಮೂರನೆಯ ದಿನ ಫಿಟ್ಸ್ ಬಂದು ಪ್ರಜ್ಞೆ ತಪ್ಪಿದ್ದರಿಂದ ಆಸ್ಪತ್ರೆಗೆ ಸೇರಿಸಿದ್ದೇವೆ. ಜಪಾನೀಸ್ ಎನ್ಸೆಫಲೈಟಿಸ್ (ಸೊಳ್ಳೆಯಿಂದ ಬರುವ ಮಿದುಳು ಜ್ವರ) ಇರಬಹುದೆಂದು ಅಂದೇ ಮಾಡಿಸಿದ ರಕ್ತದ ಐಜಿಎಂ ಎಲೈಸಾ ನೆಗೆಟಿವ್ ಬಂದಿದೆ. ಆದರೂ ವೈದ್ಯರು ಬೆನ್ನಿನ ನೀರು ತೆಗೆಯಬೇಕು, ಕೆಲವು ದಿನ ಬಿಟ್ಟು ರಕ್ತವನ್ನು ಮತ್ತೊಮ್ಮೆ ಕಳುಹಿಸಬೇಕು ಎನ್ನುತ್ತಿದ್ದಾರೆ. ಬೆನ್ನಿಗೆ ಸೂಜಿ ಹಾಕಿದರೆ ಸೊಂಟದ ಬಲವೇ ಹೋಗುತ್ತದೆಂದು ಮನೆಯ ಹಿರಿಯರು ಒಪ್ಪುತ್ತಿಲ್ಲ. ಇದೆಲ್ಲ ನಿಜವಾಗಿಯೂ ಬೇಕೇ?

ಉತ್ತರ (ಪ್ರಯೋಗಾಲಯದ ಸೂಕ್ಷ್ಮಜೀವಿ ತಜ್ಞೆ)
ಖಂಡಿತ ಬೇಕು. ಎಲೈಸಾ ಪರೀಕ್ಷೆ ಹುಡುಕುವುದು ವೈರಸ್ಸನ್ನಲ್ಲ, ಅದರ ವಿರುದ್ಧ ದೇಹ ಹೊಸದಾಗಿ ತಯಾರಿಸುವ ಐಜಿಎಂ ಪ್ರತಿಕಾಯವನ್ನು. ತಟ್ಟೆಯ ಗುಣಿಗಳಲ್ಲಿ ರೋಗಿಯ ಐಜಿಎಂ ಅನ್ನು ಹಿಡಿದಿಟ್ಟು, ಮೇಲೆ ವೈರಸ್ಸಿನ ಆಂಟಿಜೆನ್ (ಪ್ರತಿಕಾಯ ಗುರುತಿಸುವ ಅಂಶ) ಹಾಕುತ್ತೇವೆ. ಎರಡೂ ಅಂಟಿಕೊಂಡರೆ ಕೊನೆಯಲ್ಲಿ ನೀಲಿ ಬಣ್ಣ ಬಂದು, ಆಮ್ಲ ಹಾಕಿದೊಡನೆ ಹಳದಿಯಾಗುತ್ತದೆ. ಪ್ರತಿಕಾಯ ಇನ್ನೂ ಹುಟ್ಟಿರದಿದ್ದರೆ, ರೋಗವಿದ್ದರೂ ಗುಣಿ ಬಣ್ಣ ತಾಳುವುದಿಲ್ಲ. ಬೆನ್ನುಹುರಿಯ ದ್ರವದಲ್ಲಿ, ಅಂದರೆ ಬೆನ್ನಿನ ನೀರಿನಲ್ಲಿ, ಬಹುತೇಕ ರೋಗಿಗಳಿಗೆ ಜ್ವರದ ನಾಲ್ಕನೆಯ ದಿನದ ಸುಮಾರಿಗೆ ಐಜಿಎಂ ಸಿಗುತ್ತದೆ. ರಕ್ತದಲ್ಲಿ ಏಳನೆಯ ದಿನದವರೆಗೂ ಕಾಯಬೇಕಾಗಬಹುದು. ಆದ್ದರಿಂದ ಮೂರನೆಯ ದಿನದ ನೆಗೆಟಿವ್ ವರದಿಯಿಂದ ರೋಗವಿಲ್ಲವೆಂದು ಹೇಳಲಾಗದು. ವೈರಸ್ಸಿನ ತಳಿವಸ್ತುವನ್ನೇ ಹುಡುಕುವ ಪಿಸಿಆರ್ ಪರೀಕ್ಷೆ ಕೂಡ ಇಲ್ಲಿ ಹೆಚ್ಚು ನೆರವಾಗುವುದಿಲ್ಲ, ಏಕೆಂದರೆ ಫಿಟ್ಸ್ ಬರುವ ಹೊತ್ತಿಗೆ ವೈರಸ್ ಸಾಮಾನ್ಯವಾಗಿ ರಕ್ತದಿಂದ ಮರೆಯಾಗಿರುತ್ತದೆ. ದಯವಿಟ್ಟು ಮಾದರಿಯ ಚೀಟಿಯಲ್ಲಿ ಜ್ವರ ಆರಂಭವಾದ ದಿನಾಂಕವನ್ನು ಬರೆಸಿ. ಅದಿಲ್ಲದೆ ಫಲಿತಾಂಶಕ್ಕೆ ಅರ್ಥ ಹೇಳುವುದು ನಮಗೆ ಬಹಳ ಕಷ್ಟ.

ಉತ್ತರ (ಮಕ್ಕಳ ವೈದ್ಯ)
ಮೇಲಿನವರ ಮಾತಿಗೆ ಇನ್ನೊಂದನ್ನು ಸೇರಿಸುತ್ತೇನೆ: ರಕ್ತದ ವರದಿ ಪಾಸಿಟಿವ್ ಬಂದರೂ ಅದೊಂದೇ ಸಾಲದು. ಡೆಂಗಿ ವೈರಸ್ ಇದರ ಹತ್ತಿರದ ಬಂಧು, ಹಾಗಾಗಿ ಅದರ ಪ್ರತಿಕಾಯಗಳೂ ಈ ಪರೀಕ್ಷೆಯಲ್ಲಿ ಅಡ್ಡ ಬರಬಹುದು. ಇತ್ತೀಚೆಗೆ ಈ ರೋಗದ ಲಸಿಕೆ ಹಾಕಿಸಿದ್ದರೂ ರಕ್ತದಲ್ಲಿ ಐಜಿಎಂ ಕಾಣಬಹುದು. ಐಜಿಎಂ ದೊಡ್ಡ ಅಣುವಾದ್ದರಿಂದ ರಕ್ತದಿಂದ ಮಿದುಳಿನ ಕಡೆಗೆ ಸುಲಭವಾಗಿ ದಾಟುವುದಿಲ್ಲ, ಆದ್ದರಿಂದ ಬೆನ್ನಿನ ನೀರಿನಲ್ಲಿ ಸಿಕ್ಕರೆ ಸೋಂಕು ಮಿದುಳಿನಲ್ಲೇ ಇದೆಯೆಂಬುದಕ್ಕೆ ಬಲವಾದ ಆಧಾರ ಸಿಕ್ಕಂತೆ. ಸೂಜಿಯನ್ನು ಬೆನ್ನುಹುರಿ ಮುಗಿದ ಜಾಗದ ಕೆಳಗೆ, ಸೊಂಟದ ಮಟ್ಟದಲ್ಲಿ ಹಾಕುತ್ತಾರೆ, ಆದ್ದರಿಂದ ಅದು ಬೆನ್ನುಹುರಿಗೆ ತಾಗುವುದಿಲ್ಲ. ಮಿದುಳಿನ ಒತ್ತಡ ಅಪಾಯಕರವಾಗಿ ಏರಿಲ್ಲವೆಂದು ಮೊದಲೇ ನೋಡಿಕೊಳ್ಳುತ್ತಾರೆ. ಹಿರಿಯರಿಗೆ ಇದನ್ನು ಸಮಾಧಾನದಿಂದ ತಿಳಿಸಿ. ಜಪಾನೀಸ್ ಎನ್ಸೆಫಲೈಟಿಸ್‌ಗೆ ನಿರ್ದಿಷ್ಟ ಔಷಧಿಯಿಲ್ಲ ನಿಜ, ಆದರೆ ಇದೇ ಲಕ್ಷಣ ತೋರುವ ಬ್ಯಾಕ್ಟೀರಿಯಾ ಸೋಂಕು, ಹರ್ಪಿಸ್ ವೈರಸ್, ಸಣ್ಣ ನುಸಿ ಕಚ್ಚಿ ಬರುವ ಸ್ಕ್ರಬ್ ಟೈಫಸ್ ಜ್ವರ ಮೂರಕ್ಕೂ ಔಷಧಿಯಿದೆ. ಅವನ್ನು ಹುಡುಕುವುದಕ್ಕೂ ಈ ಪರೀಕ್ಷೆಗಳು ಬೇಕು, ಮತ್ತು ವರದಿಗಾಗಿ ಕಾಯುತ್ತ ಚಿಕಿತ್ಸೆಯನ್ನು ತಡಮಾಡುವಂತಿಲ್ಲ.

ಉತ್ತರ (ಆರೋಗ್ಯ ಸಹಾಯಕಿ)
ತಾಯಿ ಕಾರ್ಡ್ ಆಸ್ಪತ್ರೆಗೆ ತೆಗೆದುಕೊಂಡು ಹೋಗಿ. ಈ ಲಸಿಕೆಯ ಡೋಸ್‌ಗಳು ಯಾವಾಗ ಆಗಿವೆಯೆಂದು ವೈದ್ಯರು ನೋಡಲಿ. ಎರಡನೆಯ ರಕ್ತದ ಮಾದರಿಯನ್ನು ಜ್ವರದ ಹತ್ತನೆಯ ದಿನ, ಅದಕ್ಕೂ ಮೊದಲೇ ಮಗುವನ್ನು ಮನೆಗೆ ಕಳುಹಿಸುವುದಾದರೆ ಬಿಡುಗಡೆಯ ದಿನವೇ ಕೊಡಿಸಿ. ಇದು ಭತ್ತದ ಗದ್ದೆಯ ನೀರಿನಲ್ಲಿ ಹುಟ್ಟುವ ಕ್ಯೂಲೆಕ್ಸ್ ಸೊಳ್ಳೆಯಿಂದ ಬರುವ ರೋಗ. ಹಂದಿ ಮತ್ತು ಬೆಳ್ಳಕ್ಕಿಗಳಲ್ಲಿ ವೈರಸ್ ಬೆಳೆಯುತ್ತದೆ. ಮನುಷ್ಯರಿಂದ ಮನುಷ್ಯರಿಗೆ ಅಂಟುವುದಿಲ್ಲವಾದ್ದರಿಂದ, ಮಗುವಿನ ಹತ್ತಿರ ಕುಳಿತಿರಲು ನಿಮ್ಮ ಅಕ್ಕ ಹೆದರಬೇಕಾಗಿಲ್ಲ.

ಪ್ರಶ್ನೆ ಕೇಳಿದವರು
ಮೂವರಿಗೂ ಧನ್ಯವಾದಗಳು. ಭಾವ ಒಪ್ಪಿಗೆಗೆ ಸಹಿ ಹಾಕಿದ್ದಾರೆ, ನಾಳೆ ಬೆಳಿಗ್ಗೆ ನೀರು ತೆಗೆಯುತ್ತಾರೆ. ಚೀಟಿಯಲ್ಲಿ ಜ್ವರದ ದಿನಾಂಕದ ಜಾಗ ಖಾಲಿಯಿತ್ತು, ಬರೆಸಿದ್ದೇನೆ.