28 ಗಂಟೆಯ ಮೇಷ್ಟ್ರು

ಭಾನುವಾರ ಸಂಜೆ ನಾವು ನಾಲ್ವರು ಟೋಕಿಯೊದ ಅರಕಾವಾ ನದಿಯ ದಂಡೆಯ ಮೇಲೆ ಸೇರುತ್ತೇವೆ. ಪಕ್ಕದ ನಿಶಿಕಸಾಯ್‌ನಲ್ಲಿ ಭಾರತೀಯ ಸಂಸಾರಗಳು ಬಹಳವಾದ್ದರಿಂದ ಅಲ್ಲಿ ಕನ್ನಡ ಕಿವಿಗೆ ಬೀಳುವುದು ಪವಾಡವೇನಲ್ಲ. ಆದರೆ ಈ ದೇಶದಲ್ಲಿ ರೈಲಿನೊಳಗೆ ದನಿಯೆತ್ತಿದರೆ ಅಕ್ಕಪಕ್ಕದವರು ಕಣ್ಣು ಮುಚ್ಚಿಕೊಂಡೇ ಖಂಡಿಸುತ್ತಾರೆ, ಮನೆಯಲ್ಲಿ ದನಿಯೆತ್ತಿದರೆ ತೆಳುಗೋಡೆಯಾಚೆಯವರು ಕೇಳಿಸಿಕೊಳ್ಳುತ್ತಾರೆ. ಹೀಗಾಗಿ ಬಾಯಿತುಂಬ ವಾದ ಮಾಡಬೇಕೆಂದರೆ ನಮಗೆ ನದಿಯ ದಂಡೆಯೇ ಗತಿ. ಸಾಫ್ಟ್‌ವೇರ್ ಕಂಪನಿಯ ರಾಯರು, ಲೆಕ್ಕ ನೋಡುವ ಆಡಿಟರು, ಭಾಷಾಶಾಸ್ತ್ರದಲ್ಲಿ ಸಂಶೋಧನೆ ಮಾಡುತ್ತಿರುವ ಡಾಕ್ಟರಮ್ಮ, ಇವರ ಜೊತೆಗೆ ನಾನು. ನನ್ನನ್ನು ಅವರು ‘ಮೇಷ್ಟ್ರೇ’ ಎಂದು ಕರೆಯುತ್ತಾರೆ. ಆ ಬಿರುದಿನಲ್ಲಿ ಗೌರವವೆಷ್ಟು, ಕೀಟಲೆಯೆಷ್ಟು ಎಂಬುದನ್ನು ನಾನು ಇನ್ನೂ ವಿಂಗಡಿಸಿ ನೋಡಿಲ್ಲ.

“ಮೇಷ್ಟ್ರೇ, ನನಗೊಂದು ಲೆಕ್ಕ ತಾಳೆಯಾಗುತ್ತಿಲ್ಲ,” ಎಂದು ಆಡಿಟರು ಮೊನ್ನೆ ಪೀಠಿಕೆ ಹಾಕಿದರು. “ಬ್ಯಾಂಕಿನಲ್ಲಿ 11 ವರ್ಷ ಕೂತು, ಇಂಗ್ಲಿಷಿನಲ್ಲಿ ಒಂದು ಪತ್ರ ಬರೆಯಬೇಕಾಗಿ ಬಂದರೂ ಹಳೆಯ ಪತ್ರದ ತಾರೀಖನ್ನು ತಿದ್ದಿ ಕಳಿಸುತ್ತಿದ್ದವರು ನೀವು. ಅಂಥವರಿಗೆ ಇಲ್ಲಿಗೆ ಬಂದಮೇಲೆ ಇಂಗ್ಲಿಷ್ ಕಲಿಸುವ ಹುಚ್ಚು ಹಿಡಿದದ್ದಾದರೂ ಹೇಗೆ?”

“ಮಾಡಲು ಬೇರೆ ಕೆಲಸವಿರಲಿಲ್ಲ,” ಎಂದೆ. ಇದು ಅಪ್ಪಟ ಸತ್ಯ. ಇಲ್ಲಿ ಕೆಲಸ ಸಿಕ್ಕಿದ್ದು ನನ್ನ ಹೆಂಡತಿಗೆ; ನಾನು ಅವಳ ಸಾಮಾನಿನ ಜೊತೆಗೆ ಬಂದವನು. ನನ್ನ ವೀಸಾದ ಹೆಸರು ‘ಕಝೋಕು ತೈಝಾಯ್’, ಅಂದರೆ ಕುಟುಂಬದೊಡನೆ ವಾಸ. ಈ ವೀಸಾದವರು ನಾಲ್ಕು ಕಾಸು ಸಂಪಾದಿಸಬೇಕಾದರೆ ವಲಸೆ ಇಲಾಖೆಯಿಂದ ಬೇರೆ ಅನುಮತಿ ಪಡೆಯಬೇಕು. ಅದು ಸಿಕ್ಕಮೇಲೆ ನಮ್ಮ ನಿವಾಸದ ಕಾರ್ಡಿನ ಹಿಂಬದಿಯಲ್ಲಿ ‘ವಾರಕ್ಕೆ 28 ಗಂಟೆಯೊಳಗೆ’ ಎಂಬ ಒಕ್ಕಣೆ ಬೀಳುತ್ತದೆ.

“ವಾರಕ್ಕೆ 168 ಗಂಟೆ,” ಎಂದು ಆಡಿಟರು ಬೆರಳು ಮಡಿಸದೆಯೇ ಲೆಕ್ಕ ಹಾಕಿದರು. “28 ಕಳೆದರೆ ಉಳಿದ 140 ಗಂಟೆ ಅಮ್ಮಾವ್ರ ತಾಬೆ. ಮನೆಯಿಂದ ತಪ್ಪಿಸಿಕೊಳ್ಳಲು ಇಂಗ್ಲಿಷ್ ಹಿಡಿದಿದ್ದೀರಿ ಎನ್ನಿ.”

“ಮೊದಲಿಗೆ ಹಾಗೆಯೇ ಇತ್ತು ಎಂದುಕೊಳ್ಳಿ,” ಎಂದೆ. ಸಮುದಾಯ ಭವನವೊಂದರಲ್ಲಿ ವಾರಕ್ಕೊಮ್ಮೆ ನಿವೃತ್ತರಿಗಾಗಿ ಇಂಗ್ಲಿಷ್ ಮಾತುಕತೆಯ ತರಗತಿ ನಡೆಯುತ್ತಿತ್ತು. ಅಲ್ಲಿನ ಶಿಕ್ಷಕಿ ಊರು ಬಿಟ್ಟುಹೋದದ್ದರಿಂದ, ಬಾಯಲ್ಲಿ ಇಂಗ್ಲಿಷ್ ಇರುವ ಯಾರಾದರೂ ಸರಿ ಎಂಬ ಸ್ಥಿತಿಗೆ ಅವರು ಬಂದಿದ್ದರು. ಹೋಗಿ ಕೂತೆ. ಒಂಬತ್ತು ಜನ ವಿದ್ಯಾರ್ಥಿಗಳು, ಎಲ್ಲರೂ ನನ್ನ ತಂದೆಯ ವಯಸ್ಸಿನವರು. ಪರಿಚಯ ಹೇಳಿಕೊಳ್ಳಿ ಎಂದಾಗ ಮೊದಲನೆಯವರು ಎದ್ದು ನಿಂತು, ತಾವು ‘ಮ್ಯಾನ್ಷನ್’ನಲ್ಲಿ ವಾಸಿಸುತ್ತಿರುವುದಾಗಿ ಹೇಳಿದರು. ಎರಡನೆಯವರೂ ಮ್ಯಾನ್ಷನ್‌ನವರೇ. ಏಳನೆಯವರ ಹೊತ್ತಿಗೆ ಬಂಗಲೆಗಳ ಒಡೆಯರಾದ ಇಷ್ಟೊಂದು ಶ್ರೀಮಂತರ ಮುಂದೆ ನಾನು ಇಸ್ತ್ರಿಯಿಲ್ಲದ ಅಂಗಿಯಲ್ಲಿ ನಿಂತಿದ್ದೇನಲ್ಲ ಎಂದು ಸಂಕೋಚವಾಗತೊಡಗಿತು. ಜಪಾನಿನಲ್ಲಿ ಆ ಪದಕ್ಕೆ ಕಾಂಕ್ರೀಟು ಕಟ್ಟಡದ ಫ್ಲ್ಯಾಟು ಎಂದಷ್ಟೇ ಅರ್ಥವೆಂದೂ, ಆ ಲೆಕ್ಕದಲ್ಲಿ ನಾನೂ ಮ್ಯಾನ್ಷನ್ನಿನ ವಾಸಿಯೆಂದೂ ತಿಳಿದದ್ದು ರಾತ್ರಿ ಮನೆಗೆ ಬಂದಮೇಲೆ.

“ಅದರಲ್ಲಿ ಪ್ರೀತಿ ಹುಟ್ಟುವಂಥದ್ದೇನಿದೆ?” ಎಂದು ರಾಯರು ಆಕಳಿಸಿದರು.

“ಪ್ರೀತಿ ಹುಟ್ಟಿದ್ದು ನನ್ನ ಅಜ್ಞಾನ ಬಯಲಾದ ದಿನ. ಮೂರನೆಯ ವಾರ ನಾನು ‘ಎ’ ಮತ್ತು ‘ದಿ’ಗಳ ಪಾಠ ಮಾಡಲು ಹೊರಟೆ. ಶಾಲೆಯಲ್ಲಿ ನನಗೆ ಕಲಿಸಿದ್ದನ್ನೇ ಒಪ್ಪಿಸಿದೆ: ಜಗತ್ತಿಗೆ ಸೂರ್ಯ ಒಬ್ಬನೇ, ಆದ್ದರಿಂದ ‘ದಿ ಸನ್’, ಚಂದ್ರನೂ ಒಬ್ಬನೇ, ಆದ್ದರಿಂದ ‘ದಿ ಮೂನ್’. ಹಿಂದಿನ ಸಾಲಿನಲ್ಲಿ ಕೂತಿದ್ದ ಯಜಮಾನರೊಬ್ಬರು, ಹಿಂದೆ ರೈಲು ಸಿಗ್ನಲ್ಲಿನ ಎಂಜಿನಿಯರ್ ಆಗಿದ್ದವರು, ನೋಟ್‌ಬುಕ್ಕಿನಲ್ಲಿ ಏನನ್ನೋ ಬರೆದು, ಹೊಡೆದುಹಾಕಿ, ಮತ್ತೆ ಬರೆದು, ಕೊನೆಗೆ ಕೈಯೆತ್ತಿದರು. ‘ಸೆನ್ಸೇ, ನನಗೂ ಹೆಂಡತಿ ಒಬ್ಬಳೇ. ಹಾಗಾದರೆ ಐ ಹ್ಯಾವ್ ದಿ ವೈಫ್ ಎನ್ನಬೇಕಲ್ಲವೇ?’ ಎಂದು ಕೇಳಿದರು.”

ಡಾಕ್ಟರಮ್ಮ ನಕ್ಕ ನಗುವಿಗೆ ದಂಡೆಯ ಮೇಲೆ ನಾಯಿ ಓಡಾಡಿಸುತ್ತಿದ್ದವರೊಬ್ಬರು ನಿಂತು ನೋಡಿ ಮುಂದೆ ನಡೆದರು.

“ನೀವು ಏನು ಹೇಳಿದಿರಿ?”

“ಸಮಯವಾಯಿತು, ಮುಂದಿನ ವಾರ ನೋಡೋಣ ಎಂದೆ. ಪಾಠ ಮುಗಿಯಲು ಇನ್ನೂ 25 ನಿಮಿಷವಿತ್ತು.”

ಆ ವಾರ ನಾನು ನಿದ್ದೆಗೆಟ್ಟು ವ್ಯಾಕರಣ ಓದಿದ್ದನ್ನು ನನ್ನ ಹೆಂಡತಿ ಇಂದಿಗೂ ಆಡಿಕೊಳ್ಳುತ್ತಾಳೆ. ಬ್ಯಾಂಕಿನ ಬಡ್ತಿಯ ಪರೀಕ್ಷೆಗೂ ಅಷ್ಟು ಓದಿದವನಲ್ಲ. ಓದುತ್ತ ಓದುತ್ತ ತಿಳಿದದ್ದೇನೆಂದರೆ, ‘ದಿ’ ಎಂಬುದು ಎಣಿಕೆಯ ಮಾತೇ ಅಲ್ಲ. ಯಾವುದರ ವಿಷಯ ಎಂಬುದು ಕೇಳುವವನಿಗೂ ಗೊತ್ತಿದೆ ಎಂಬ ಭರವಸೆ ಹೇಳುವವನಿಗಿದ್ದರೆ ಮಾತ್ರ ಅದು ಬರುತ್ತದೆ. ಇದು ನನಗೆ ಹೊಳೆದದ್ದು ಇಂಗ್ಲಿಷ್ ಪುಸ್ತಕದಿಂದಲ್ಲ, ನಮ್ಮ ಅಜ್ಜಿಕಥೆಯಿಂದ. ‘ಒಂದೂರಿನಲ್ಲಿ ಒಬ್ಬ ರಾಜನಿದ್ದ. ಆ ರಾಜನಿಗೆ ಮೂವರು ಮಕ್ಕಳು.’ ಮೊದಲ ಸಲ ‘ಒಬ್ಬ’, ಎರಡನೆಯ ಸಲ ‘ಆ’. ಇಷ್ಟನ್ನು ಹುಟ್ಟಿದಾಗಿನಿಂದ ಆಡಿಕೊಂಡು ಬಂದಿದ್ದರೂ, ಅಪ್ಪನ ವಯಸ್ಸಿನವರೊಬ್ಬರು ಟೋಕಿಯೊದಲ್ಲಿ ಹೆಂಡತಿಯ ಮಾತೆತ್ತುವವರೆಗೆ ನನಗೆ ಗೊತ್ತಿರಲಿಲ್ಲ.

“ಮುಂದಿನ ವಾರ ಇದೇ ಕಥೆಯನ್ನು ಬೋರ್ಡಿನ ಮೇಲೆ ಇಂಗ್ಲಿಷಿನಲ್ಲಿ ಬರೆದು, ‘ಎ ಕಿಂಗ್’ ಮತ್ತು ‘ದಿ ಕಿಂಗ್’ಗಳ ಕೆಳಗೆ ಕೆಂಪು ಗೆರೆ ಎಳೆದೆ. ಆ ಯಜಮಾನರು ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು. ಆಮೇಲೆ ಮೆಲ್ಲಗೆ, ತಮಗೆ ತಾವೇ ಹೇಳಿಕೊಳ್ಳುವವರಂತೆ, ‘ಗಾ... ವಾ...’ ಎಂದರು. ನನಗೆ ಏನೂ ಅರ್ಥವಾಗಲಿಲ್ಲ.”

“ಅಯ್ಯೋ, ಎಂಥ ಸೊಗಸಾದ ಉತ್ತರ!” ಎಂದು ಡಾಕ್ಟರಮ್ಮ ನೆಟ್ಟಗೆ ಕೂತರು. “ಜಪಾನಿನ ಅಜ್ಜಿಕಥೆಯೂ ಹಾಗೆಯೇ ಶುರುವಾಗುತ್ತದೆ ಮೇಷ್ಟ್ರೇ. ಒಂದು ಕಾಲದಲ್ಲಿ ಒಂದೆಡೆ ಅಜ್ಜ ಅಜ್ಜಿ ಇದ್ದರು ಎನ್ನುವಾಗ ಆ ಪದಗಳ ಕೊನೆಗೆ ‘ಗಾ’ ಎಂಬ ಪ್ರತ್ಯಯ ಬರುತ್ತದೆ. ಅಜ್ಜ ಬೆಟ್ಟಕ್ಕೆ ಹೋದ ಎನ್ನುವ ಮುಂದಿನ ವಾಕ್ಯದಲ್ಲಿ ಅದೇ ಅಜ್ಜನಿಗೆ ‘ವಾ’ ಬರುತ್ತದೆ. ಹೊಸಬನಿಗೆ ಗಾ, ಪರಿಚಯವಾದವನಿಗೆ ವಾ. ಎಲ್ಲ ಕಡೆಯೂ ಎ ಮತ್ತು ದಿಗಳಿಗೆ ಅದು ಸರಿಹೊಂದುವುದಿಲ್ಲ, ಆದರೆ ಕಥೆಯ ಬಾಗಿಲಲ್ಲಿ ಮೂರು ಭಾಷೆಗಳೂ ಒಂದೇ ರೀತಿ ಚಪ್ಪಲಿ ಬಿಡುತ್ತವೆ.”

“ಅದನ್ನು ಅವರೇ ನನಗೆ ವಿವರಿಸಿದರು. ಆ ಮುದುಕರು ಎದ್ದು ಬಂದು ಬೋರ್ಡಿನ ಮೇಲೆ ಬರೆದು ನನಗೆ ಪಾಠ ಹೇಳುತ್ತಿದ್ದಾಗ ಉಳಿದ ಎಂಟು ಜನರೂ ತಲೆದೂಗುತ್ತಿದ್ದರು. ನನಗೆ ಈ ಹುಚ್ಚು ಹಿಡಿದದ್ದು ಆ ಹೊತ್ತಿನಲ್ಲಿ, ಆಡಿಟರೇ. ನಿಮ್ಮ ಲೆಕ್ಕ ತಾಳೆಯಾಯಿತೇ?”

ಆಡಿಟರು ಸುಲಭಕ್ಕೆ ಬಗ್ಗುವವರಲ್ಲ. “ಉಚ್ಚಾರಣೆಯ ಗತಿ ಏನು? ನಮ್ಮ ಆಫೀಸಿನಲ್ಲಿ ‘ರೈಟ್’ ಎಂದರೆ ಬೆಳಕೋ ಬಲಗಡೆಯೋ ಎಂದು ತಿಳಿಯಲು ಮುಖ ನೋಡಬೇಕು. ಬಸ್ಸನ್ನು ‘ಬಸು’ ಎನ್ನುತ್ತಾರೆ, ಹೋಟೆಲನ್ನು ‘ಹೊತೆರು’ ಎನ್ನುತ್ತಾರೆ. ಬೆಡ್ಡನ್ನು ‘ಬೆಡ್ಡೊ’ ಎನ್ನುತ್ತಾರೆ.”

“ಈಗ ತಾವು ಏನೆಂದಿರಿ?” ಎಂದು ಡಾಕ್ಟರಮ್ಮ ಮೃದುವಾಗಿ ಕೇಳಿದರು.

“ಬಸ್ಸನ್ನು ಬಸು ಎನ್ನುತ್ತಾರೆ ಎಂದೆ.”

“ಇಂಗ್ಲಿಷರು ‘ಬಸ್ಸು’ ಎನ್ನುವುದನ್ನು ಎಲ್ಲಿ ಕೇಳಿದ್ದೀರಿ? ಬೆಡ್ಡು, ಹೋಟೆಲು, ಲೈಟು, ರೋಡು. ವ್ಯಂಜನದ ಮೇಲೆ ಪದ ನಿಲ್ಲಿಸುವುದು ನಮ್ಮ ನಾಲಗೆಗೆ ಒಗ್ಗದ ಮಾತು. ಹಳಗನ್ನಡದ ‘ಪಾಲ್’ ಹಾಲು ಆದದ್ದೂ, ‘ಕಣ್’ ಕಣ್ಣು ಆದದ್ದೂ ಇದೇ ಕಾರಣಕ್ಕೆ. ಜಪಾನಿಯಲ್ಲಿ ಪದದ ಕೊನೆಗೆ ನಿಲ್ಲುವ ವ್ಯಂಜನ ನಕಾರವೊಂದೇ. ಉಳಿದವಕ್ಕೆಲ್ಲ ಅವರೂ ಸ್ವರದ ಬಾಲ ಅಂಟಿಸುತ್ತಾರೆ.”

ಆಡಿಟರು ಸ್ವಲ್ಪ ಹೊತ್ತು ತೋಜಾಯ್ ಮಾರ್ಗದ ರೈಲು ಸೇತುವೆಯ ಮೇಲೆ ಹಾದುಹೋಗುವುದನ್ನೇ ನೋಡುತ್ತ ಕೂತರು. ನಾನು ಈ ಸಂದರ್ಭವನ್ನು ಬಳಸಿಕೊಂಡು ನನ್ನ ತತ್ತ್ವ ಮಂಡಿಸಿದೆ. ಇಂಗ್ಲಿಷನ್ನು ತಾಯಿಯಿಂದ ಕಲಿತವರಿಗೆ ವಿದ್ಯಾರ್ಥಿ ಎಡವಿದ ಜಾಗ ಕಾಣುತ್ತದೆ, ಎಡವಿಸಿದ ಕಲ್ಲು ಕಾಣುವುದಿಲ್ಲ. ನಮಗೆ ಆ ಕಲ್ಲು ಗೊತ್ತು, ಏಕೆಂದರೆ ನಮ್ಮ ಹೆಬ್ಬೆರಳಿನ ಉಗುರು ಹಾರಿದ್ದೂ ಅದರ ಮೇಲೆಯೇ. ಕ್ರಿಯಾಪದವನ್ನು ವಾಕ್ಯದ ಕೊನೆಗೆ ಇಟ್ಟುಕೊಂಡು ಬೆಳೆದವರು ಅದನ್ನು ಕಿತ್ತು ನಡುವೆ ನೆಡಬೇಕಾದಾಗ ಪಡುವ ಪಾಡು ನಮ್ಮಿಬ್ಬರಿಗೂ ಸಮಾನ.

“ಭಾಷಣ ಸಾಕು,” ಎಂದರು ರಾಯರು. “ಇಷ್ಟೆಲ್ಲ ಗೊತ್ತಿದ್ದೂ ನೀವು ಆ ಸಿಗ್ನಲ್ ಯಜಮಾನರನ್ನು ಮಳೆಯಲ್ಲಿ ನೆನೆಸಿದ ಕಥೆಯನ್ನು ಇವರಿಗೆ ಹೇಳಿಲ್ಲ.”

ಹೇಳಬೇಕಾಯಿತು. ಜೂನ್ ತಿಂಗಳ ಮಳೆಗಾಲ. ತರಗತಿ ಮುಗಿದು ಹೊರಗೆ ಬಂದಾಗ ಜೋರು ಮಳೆ. ಯಜಮಾನರು ಬಾಗಿಲಲ್ಲಿ ಬರಿಗೈಯಲ್ಲಿ ನಿಂತಿದ್ದರು. ನನ್ನ ಚೀಲದಲ್ಲಿ ಎರಡು ಕೊಡೆಗಳಿದ್ದವು. “ಡೋಂಟ್ ಯು ಹ್ಯಾವ್ ಆನ್ ಅಂಬ್ರೆಲಾ?” ಎಂದು ಕೇಳಿದೆ. ಅವರು ನಗುತ್ತ “ಯೆಸ್” ಎಂದರು. ಇದೆಯಲ್ಲ ಸದ್ಯ ಎಂದುಕೊಂಡು ನಾನು ಹೊರಟೇಬಿಟ್ಟೆ. ಅವರು ಹೇಳಿದ್ದು, ‘ಹೌದು, ನೀವು ಹೇಳಿದಂತೆ ನನ್ನ ಬಳಿ ಕೊಡೆಯಿಲ್ಲ’ ಎಂದು.

“ನಾವೂ ಹಾಗೆಯೇ ಅನ್ನುವುದಲ್ಲವೇ?” ಎಂದರು ಆಡಿಟರು. “ಊಟ ಆಗಿಲ್ಲವೇ ಎಂದರೆ, ಹೌದು, ಆಗಿಲ್ಲ ಎನ್ನುತ್ತೇವೆ.”

“ಅದೇ ನೋಡಿ. ಆ ಒಂದು ಗಳಿಗೆಯಲ್ಲಿ ನಾನು ಪೂರ್ತಿ ಇಂಗ್ಲಿಷರವನಾಗಿಬಿಟ್ಟಿದ್ದೆ. ಯಜಮಾನರಿಗೆ ನೆಗಡಿಯಾಯಿತು. ಮುಂದಿನ ವಾರ ಬಂದು, ಅಂದಿನ ಪಾಠ ಬಹಳ ಚೆನ್ನಾಗಿ ಮನದಟ್ಟಾಯಿತು ಎಂದು ಬಾಗಿ ನಮಸ್ಕರಿಸಿದರು.”

ಅಷ್ಟರಲ್ಲಿ ನನ್ನ ಮೊಬೈಲು ಸದ್ದು ಮಾಡಿತು. ಹೆಂಡತಿಯ ಸಂದೇಶ. ಅವಳು ಆಫೀಸಿನ ಅಭ್ಯಾಸದಿಂದ ನನಗೂ ಇಂಗ್ಲಿಷಿನಲ್ಲೇ ಬರೆಯುತ್ತಾಳೆ: ‘ಆರಂಟ್ ಯು ಕಮಿಂಗ್ ಫಾರ್ ಡಿನ್ನರ್?’ ಹರಟೆ ಇನ್ನೂ ಮುಗಿದಿರಲಿಲ್ಲವಾದ್ದರಿಂದ ನಾನು ‘ಯೆಸ್’ ಎಂದು ಒತ್ತಿ ಮೊಬೈಲನ್ನು ಜೇಬಿಗೆ ಹಾಕಿದೆ. ಪಕ್ಕದಿಂದ ಇಣುಕುತ್ತಿದ್ದ ಡಾಕ್ಟರಮ್ಮ ಕೈಯಿಂದ ಬಾಯಿ ಮುಚ್ಚಿಕೊಂಡರು. ಏನಾಯಿತೆಂದು ನಾನು ಕೇಳುವಷ್ಟರಲ್ಲಿ ಮೊಬೈಲು ಮತ್ತೆ ಸದ್ದು ಮಾಡಿತು. ಈ ಸಲ ಅವಳು ಕನ್ನಡದಲ್ಲಿ ಬರೆದಿದ್ದಳು.

‘ಯಾವ ದೇಶದ ಯೆಸ್ಸು?’